ಎರಡು ಪುಟ್ಟ ಮಕ್ಕಳನ್ನು ಕರೆದುಕೊಂಡು ಮುಂಬಯಿಯಲ್ಲಿ ಐದು ದಿನ: ನಮ್ಮ ಯೋಜನೆ ನಡೆಯುವಂಥದ್ದೇ?

ಕಡಲತಡಿ (ಕುಂದಾಪುರ):
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 7ರ ಭಾನುವಾರ ಡೊಂಬಿವಲಿಯಲ್ಲಿ ನನ್ನ ಯಜಮಾನರ ಸೋದರತ್ತೆಯ ಮಗಳ ಮದುವೆಯಿದೆ. ಹೇಗೂ ಅಷ್ಟು ದೂರ ಹೋಗುತ್ತಿದ್ದೇವಲ್ಲ ಎಂದು ಆರು ವರ್ಷದ ಮಗಳು, ಮೂರು ವರ್ಷದ ಮಗ ಮತ್ತು ಅತ್ತೆಯವರಿಗೆ ಮುಂಬಯಿಯನ್ನೂ ತೋರಿಸಿಬಿಡೋಣ ಎಂದುಕೊಂಡಿದ್ದೇವೆ. 4ರಂದು ಮತ್ಸ್ಯಗಂಧ ಹತ್ತಿದರೆ 5ರ ಶುಕ್ರವಾರ ಬೆಳಿಗ್ಗೆ ತಲುಪುತ್ತೇವೆ, 9ರ ಮಂಗಳವಾರ ಮಧ್ಯಾಹ್ನದ ಅದೇ ರೈಲಿಗೆ ಮರಳುತ್ತೇವೆ. ದಾದರಿನಲ್ಲಿ ವಸತಿಗೃಹ ನೋಡಿದ್ದೇವೆ.

ಯಜಮಾನರು ಬರೆದಿಟ್ಟ ಪಟ್ಟಿ ಹೀಗಿದೆ. ಶುಕ್ರವಾರ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಸಂಜೆ ಜುಹು. ಶನಿವಾರ ಭಾಯಖಳದ ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ, ವಸ್ತುಸಂಗ್ರಹಾಲಯ. ಭಾನುವಾರ ಮದುವೆ. ಸೋಮವಾರ ಎಲಿಫೆಂಟಾ, ಹ್ಯಾಂಗಿಂಗ್ ಗಾರ್ಡನ್, ಮರೀನ್ ಡ್ರೈವ್. ಮಂಗಳವಾರ ಬೆಳಿಗ್ಗೆ ಬೋರಿವಲಿಯ ರಾಷ್ಟ್ರೀಯ ಉದ್ಯಾನ, ಅಲ್ಲಿಂದ ನೇರವಾಗಿ ರೈಲಿಗೆ. ನನಗೆ ಇದನ್ನು ಓದುವಾಗಲೇ ಕಾಲು ನೋಯುತ್ತದೆ. ಅವರು ಮಾತ್ರ ಎಲ್ಲವೂ ಆಗುತ್ತದೆ ಎನ್ನುತ್ತಾರೆ. ತಿಳಿದವರು ಹೇಳಿ.

ಬೋರಿವಲಿ ಲೋಕಲ್:
ಆಗುವುದಿಲ್ಲ.

ಥಾಣೆಯ ಅಮ್ಮ:
ಮೇಲಿನವರು ಒಂದೇ ಪದದಲ್ಲಿ ಮುಗಿಸಿಬಿಟ್ಟರು, ನಾನು ಕಾರಣ ಹೇಳುತ್ತೇನೆ. ಮುಂಬಯಿ ನಮ್ಮ ಊರುಗಳಂತೆ ನಾಲ್ಕೂ ದಿಕ್ಕಿಗೆ ಹರಡಿದ ಪೇಟೆಯಲ್ಲ, ಪಡುವಲಕಾಯಿಯಂತೆ ಉತ್ತರದಿಂದ ದಕ್ಷಿಣಕ್ಕೆ ಉದ್ದವಾಗಿ ಇಳಿಬಿದ್ದಿರುವ ಊರು. ನಿಮ್ಮ ಪಟ್ಟಿಯ ಜುಹು ಮತ್ತು ಬೋರಿವಲಿ ಒಂದು ತುದಿಗೆ, ಎಲಿಫೆಂಟಾ ಮತ್ತು ಮರೀನ್ ಡ್ರೈವ್ ಇನ್ನೊಂದು ತುದಿಗೆ, ಮದುವೆಯ ಡೊಂಬಿವಲಿ ಇವೆರಡಕ್ಕೂ ಸೇರದೆ ಈಶಾನ್ಯದಲ್ಲಿ. ನಕ್ಷೆಯಲ್ಲಿ ಗೇಣು ದೂರ ಕಾಣುವುದು ಇಲ್ಲಿ ಒಂದೂವರೆ ಗಂಟೆಯ ದಾರಿ, ಮತ್ತು ಆ ಒಂದೂವರೆ ಗಂಟೆಯಲ್ಲಿ ಮೂರು ವರ್ಷದ ಮಗು ಎರಡು ಸಲ ಹಸಿವೆನ್ನುತ್ತದೆ, ಒಂದು ಸಲ ಶೌಚಾಲಯ ಎನ್ನುತ್ತದೆ, ಕೊನೆಗೆ ಇಳಿಯುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗುತ್ತದೆ. ದಿನಕ್ಕೆ ಒಂದು ದಿಕ್ಕು, ಆ ದಿಕ್ಕಿನಲ್ಲಿ ಎರಡು ಜಾಗ, ನಡುವೆ ಕೋಣೆಗೆ ಮರಳಿ ಮಧ್ಯಾಹ್ನದ ನಿದ್ದೆ. ಇದಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ.

ಘಟ್ಟದ ಮೇಲಿನವ (ಶಿರಸಿ):
ಇನ್ನೊಂದು ವಿಷಯ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ನಾವು ಕಳೆದ ವರ್ಷ ಅದನ್ನು ತಿಳಿಯದೆ ಬೆಳ್ಳಂಬೆಳಿಗ್ಗೆ ಆ ದ್ವೀಪಕ್ಕೆ ದೋಣಿ ಹೊರಡುವ ಗೇಟ್‌ವೇ ಆಫ್ ಇಂಡಿಯಾ ಮುಂದೆ ಹೋಗಿ ನಿಂತು, ಪಾರಿವಾಳಗಳನ್ನು ಎಣಿಸಿ ವಾಪಸಾದೆವು. ತಾರಾಲಯಕ್ಕೂ ಸೋಮವಾರವೇ ರಜೆ, ಮೃಗಾಲಯಕ್ಕೆ ಬುಧವಾರ. ರಜೆಯ ದಿನಗಳನ್ನು ಮೊದಲು ಬರೆದುಕೊಂಡು ಆಮೇಲೆ ಪಟ್ಟಿ ಮಾಡುವುದು ಲೇಸು.

ಮಾಟುಂಗಾ ಮಾಣಿ:
ರಜೆಯ ಮಾತು ಬಂದದ್ದಕ್ಕೆ ಅದಕ್ಕಿಂತ ದೊಡ್ಡ ವಿಷಯವೊಂದನ್ನು ಹೇಳಬೇಕು. ಡಿಸೆಂಬರ್ 6 ಬಾಬಾಸಾಹೇಬ ಅಂಬೇಡ್ಕರರ ಮಹಾಪರಿನಿರ್ವಾಣ ದಿನ. ಅವರ ಅಂತ್ಯಕ್ರಿಯೆ ನಡೆದ ಚೈತ್ಯಭೂಮಿ ಇರುವುದು ದಾದರಿನ ಕಡಲ ದಂಡೆಯಲ್ಲಿ. ದೇಶದ ಮೂಲೆಮೂಲೆಗಳಿಂದ ಲಕ್ಷಾಂತರ ಜನ ಎರಡು ದಿನ ಮೊದಲೇ ಬಂದು ಶಿವಾಜಿ ಪಾರ್ಕಿನಲ್ಲಿ ಉಳಿಯುತ್ತಾರೆ. ಅದು ನೋಡಲೇಬೇಕಾದ ದೃಶ್ಯ, ವಿಶೇಷವಾಗಿ ಅಲ್ಲಿಯ ಪುಸ್ತಕದ ಮಳಿಗೆಗಳು. ಆದರೆ ಪೆಟ್ಟಿಗೆ, ಹಿರಿಯರು ಮತ್ತು ಕೈಕೂಸಿನೊಂದಿಗೆ 5 ಮತ್ತು 6ರಂದು ದಾದರ್ ನಿಲ್ದಾಣದಲ್ಲಿ ಹತ್ತಿ ಇಳಿಯುವುದು ನಿಮ್ಮಿಂದ ಆಗದ ಕೆಲಸ. ವಸತಿಯನ್ನು ಬೇರೆಡೆ ನೋಡಿ.

ಕಡಲತಡಿ:
ಇದು ನಮಗೆ ಹೊಳೆದೇ ಇರಲಿಲ್ಲ, ಬಹಳ ಉಪಕಾರವಾಯಿತು. ಹಾಗಾದರೆ ಎಲ್ಲಿ ಉಳಿಯಬೇಕು? ಡೊಂಬಿವಲಿಯ ನೆಂಟರು ತಮ್ಮ ಮನೆಗೇ ಬನ್ನಿ ಎಂದು ಒತ್ತಾಯಿಸುತ್ತಿದ್ದಾರೆ. ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ.

ಪುಟ್ಟನ ಅಪ್ಪ:
ನೆಂಟರ ಮನೆಯಲ್ಲೇ ಉಳಿಯಿರಿ. ಹಣ ಉಳಿಯುತ್ತದೆ, ಮಕ್ಕಳಿಗೆ ಗಂಜಿ ಮಾಡಿಕೊಡಬಹುದು, ಅತ್ತೆಯವರಿಗೂ ಮಾತಿಗೆ ಜನ ಸಿಗುತ್ತದೆ.

ಬೋರಿವಲಿ ಲೋಕಲ್:
ಮದುವೆ ಮನೆಯ ಒಂದು ಕೋಣೆ, ಒಂದು ಹಾಲ್, ಒಂದು ಬಚ್ಚಲಿನಲ್ಲಿ ಆಗಲೇ ಹದಿನೈದು ಜನ ಇರುತ್ತಾರೆ. ನೀವೂ ಐದು ಜನ ಸೇರಿಕೊಂಡರೆ ಕರೆದವರಿಗೂ ಕಷ್ಟ. ಅಲ್ಲದೆ ಡೊಂಬಿವಲಿಯಿಂದ ದಿನಾ ದಕ್ಷಿಣ ಮುಂಬಯಿಗೆ ಬರುವುದೆಂದರೆ ಬೆಳಿಗ್ಗೆ ಕಚೇರಿಗೆ ಹೋಗುವವರ ಜೊತೆ ಬಂದು ಸಂಜೆ ಅವರ ಜೊತೆಯೇ ಮರಳಬೇಕು. ಆ ಗಾಡಿಗಳನ್ನು ನೀವು ಕಂಡಿಲ್ಲ ಎಂದು ತೋರುತ್ತದೆ.

ಪುಟ್ಟನ ಅಪ್ಪ:
ಕಂಡಿದ್ದೇನೆ ಸ್ವಾಮಿ, ಹನ್ನೊಂದು ವರ್ಷ ಅದರಲ್ಲೇ ಓಡಾಡಿದ್ದೇನೆ. ಬೆಳಿಗ್ಗೆ ಹನ್ನೊಂದರ ನಂತರ ಹೊರಟು ಸಂಜೆ ನಾಲ್ಕರೊಳಗೆ ಮರಳಿದರೆ ತೊಂದರೆಯಿಲ್ಲ.

ಥಾಣೆಯ ಅಮ್ಮ:
ಹನ್ನೊಂದಕ್ಕೆ ಹೊರಟು ನಾಲ್ಕಕ್ಕೆ ಮರಳುವುದಾದರೆ, ಹೋಗಿ ಬರುವುದಕ್ಕೇ ಮೂರು ಗಂಟೆ ಕಳೆದು, ನೋಡಲು ಉಳಿಯುವುದು ಎರಡೇ ಗಂಟೆ. ನನ್ನ ಸಲಹೆ ಏನೆಂದರೆ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ನಿಲ್ದಾಣದ ಸುತ್ತಮುತ್ತ ಅಥವಾ ಫೋರ್ಟ್ ಕಡೆ ಕೋಣೆ ಹಿಡಿಯಿರಿ. ಡೊಂಬಿವಲಿಗೆ ಹೋಗುವ ಗಾಡಿಗಳು ಅಲ್ಲಿಂದಲೇ ಹೊರಡುವುದರಿಂದ ಮದುವೆಯ ದಿನ ಖಾಲಿ ಗಾಡಿ ಹತ್ತಿ ಕುಳಿತುಕೊಂಡೇ ಹೋಗಬಹುದು. ಜೊತೆಗೆ ನೆಲದಡಿಯ ಮೆಟ್ರೋ ಈಗ ಕಫ್ ಪರೇಡ್‌ವರೆಗೂ ಓಡುತ್ತದೆ. 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದ ಈ ಮಾರ್ಗದಲ್ಲಿ ಸಿಎಸ್‌ಎಂಟಿ, ಸೈನ್ಸ್ ಸೆಂಟರ್, ಸಿದ್ಧಿವಿನಾಯಕ ಮೂರೂ ನಿಲ್ದಾಣಗಳಿವೆ. ಲಿಫ್ಟ್ ಇದೆ, ತಂಪಿದೆ, ನೂಕುನುಗ್ಗಲಿಲ್ಲದೆ ಹತ್ತಬಹುದು. ನೆಂಟರಿಗೆ ಬೇಸರವಾಗದಂತೆ ಶನಿವಾರ ರಾತ್ರಿ ಒಂದನ್ನು ಅವರ ಮನೆಯಲ್ಲಿ ಕಳೆಯಿರಿ, ಬೆಳಗಿನ ಮುಹೂರ್ತಕ್ಕೂ ಅನುಕೂಲ.

ಮಾಟುಂಗಾ ಮಾಣಿ:
ಶನಿವಾರ ರಾತ್ರಿಯೇ ಹೋಗಿಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಭಾನುವಾರ ಹಗಲು ಹಳಿ ದುರಸ್ತಿಗಾಗಿ ಮೆಗಾ ಬ್ಲಾಕ್ ಇರುತ್ತದೆ, ಗಾಡಿಗಳು ತಡವಾಗುತ್ತವೆ ಇಲ್ಲವೇ ಬೇರೆ ಹಳಿಯಲ್ಲಿ ಓಡಿ ಕೆಲವು ನಿಲ್ದಾಣಗಳನ್ನು ಬಿಟ್ಟುಬಿಡುತ್ತವೆ. ಮಾಂಗಲ್ಯಧಾರಣೆಯ ಹೊತ್ತಿಗೆ ನೀವು ಕುರ್ಲಾದಲ್ಲಿ ನಿಂತಿರಬಾರದು. ಆದರೆ 6ರ ಸಂಜೆಯ ಗಾಡಿಗೆ ಸಿಎಸ್‌ಎಂಟಿಯಲ್ಲೇ ಹತ್ತಬೇಕು, ದಾದರಿನಲ್ಲಿ ಹತ್ತುವ ಸಾಹಸ ಬೇಡ.

ಅತ್ತೆಯವರಿಗೆ ಒಂದು ಮಾತು: ಟ್ಯಾಕ್ಸಿಯವನಿಗೆ ‘ಬಾಂಬೆ ಸೆಂಟ್ರಲ್’ ಎಂದು ಹೇಳಿಬಿಡಬೇಡಿ. ಮುಂಬಯಿ ಸೆಂಟ್ರಲ್ ಇರುವುದು ಪಶ್ಚಿಮ ರೈಲ್ವೆಯಲ್ಲಿ, ಸೆಂಟ್ರಲ್ ರೈಲ್ವೆಯ ಕೊನೆಯ ನಿಲ್ದಾಣ ಸಿಎಸ್‌ಎಂಟಿ. ಹೆಸರನ್ನು ನಂಬಿ ಎಷ್ಟೋ ಜನ ರೈಲು ತಪ್ಪಿಸಿಕೊಂಡಿದ್ದಾರೆ. ನಮ್ಮ ಅಪ್ಪಯ್ಯನೂ ಅವರಲ್ಲೊಬ್ಬರು.

ಅಬುಧಾಬಿ ಕನ್ನಡಿಗ:
ಮರೀನ್ ಡ್ರೈವ್‌ಗೆ ಹೋದಾಗ ತಾರಾಪೋರವಾಲಾ ಮತ್ಸ್ಯಾಲಯವನ್ನು ತಪ್ಪಿಸಬೇಡಿ. ಬಾಲ್ಯದಲ್ಲಿ ನಾವು ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆವು. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬೋರಿವಲಿ ಲೋಕಲ್:
ಅದು ಮುಚ್ಚಿ ಕೆಲವು ವರ್ಷಗಳಾದವು. ಬಾಲ್ಯದ ಮುಂಬಯಿಯನ್ನು ಬಿಟ್ಟು ಈಗಿನದನ್ನು ಹೇಳಿ.

ಅಬುಧಾಬಿ ಕನ್ನಡಿಗ:
ತಿದ್ದಿದ್ದಕ್ಕೆ ಧನ್ಯವಾದ, ಕೇಳಿ ಬೇಸರವಾಯಿತು. ಕೆಂಪು ಡಬಲ್ ಡೆಕ್ಕರ್ ಬಸ್ಸಾದರೂ ಉಳಿದಿದೆಯೇ?

ಬೋರಿವಲಿ ಲೋಕಲ್:
ಹಳೆಯ ಡೀಸೆಲ್ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ನಿಂತವು. ಅದೇ ವರ್ಷ ಬಂದ ವಿದ್ಯುತ್ ಚಾಲಿತ ತಂಪು ಡಬಲ್ ಡೆಕ್ಕರ್‌ಗಳಿವೆ, ಸಿಎಸ್‌ಎಂಟಿಯಿಂದ ನರಿಮನ್ ಪಾಯಿಂಟ್ ಕಡೆಗೆ ಓಡುತ್ತವೆ. ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕರೆ ಮಕ್ಕಳಿಗೆ ಬೇರೆ ಯಾವ ಸಂಗ್ರಹಾಲಯವೂ ಬೇಡ. ತಂಪು ಬಸ್ಸಿನ ಕನಿಷ್ಠ ದರ ಈಗ 12 ರೂಪಾಯಿ.

ಕಡಲತಡಿ:
ಇದನ್ನು ಮಗಳಿಗೆ ಓದಿ ಹೇಳಿದೆ. ಅವಳ ಪಟ್ಟಿಯಲ್ಲಿ ಈಗ ಮೊದಲನೆಯದು ಬಸ್ಸು. ಎಲಿಫೆಂಟಾವನ್ನು ಶನಿವಾರಕ್ಕೆ ಬದಲಿಸಬಹುದೇ? ಯಜಮಾನರು ಅದೊಂದನ್ನು ಬಿಡಲು ಒಪ್ಪುತ್ತಿಲ್ಲ.

ಶಾಸನಪ್ರಿಯ (ಬಾಗಲಕೋಟೆ):
ಬಿಡಬಾರದು ಕೂಡ. ದ್ವೀಪದ ನಿಜವಾದ ಹೆಸರು ಘಾರಾಪುರಿ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದನೆಂದು ವರ್ಣಿಸುತ್ತಾನೆ. ಆ ಪುರಿ ಇದೇ ಘಾರಾಪುರಿ ಎನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಸುಮಾರು ಆರು ಮೀಟರ್ ಎತ್ತರದ ಆ ತ್ರಿಮುಖದ ಸದಾಶಿವನ ಎದುರು ಕತ್ತಲಲ್ಲಿ ನಿಂತ ಕ್ಷಣವನ್ನು ನಾನು ನಲವತ್ತು ವರ್ಷಗಳ ನಂತರವೂ ಮರೆತಿಲ್ಲ. 1987ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಥಾಣೆಯ ಅಮ್ಮ:
ಗುರುಗಳೇ, ನೀವು ಹೋದಾಗ ನಿಮಗೆ ಮೂರು ವರ್ಷವೇ?

ಶಾಸನಪ್ರಿಯ:
ಇಪ್ಪತ್ತೆರಡು.

ಘಟ್ಟದ ಮೇಲಿನವ:
ಮೊದಲ ಸಲ ರಜೆಯಿಂದಾಗಿ ತಪ್ಪಿದ ಎಲಿಫೆಂಟಾಕ್ಕೆ ಮರುದಿನ ಹೋಗಿಯೇ ಹೋದೆವು, ಆಗ ನಮ್ಮ ಕಿರಿಯವನಿಗೆ ನಾಲ್ಕು ವರ್ಷ. ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆ. ಹತ್ತುವಾಗ ದೋಣಿ ಅಲುಗಾಡುತ್ತಿರುತ್ತದೆ, ಒಂದು ಕೈಯಲ್ಲಿ ಮಗು ಇದ್ದರೆ ಎದೆ ಝಲ್ಲೆನ್ನುತ್ತದೆ. ದ್ವೀಪದಲ್ಲಿ ಇಳಿದ ಮೇಲೆ ಪುಟಾಣಿ ರೈಲು ಮೆಟ್ಟಿಲುಗಳ ಬುಡದವರೆಗೆ ಕರೆದೊಯ್ಯುತ್ತದೆ, ಅಲ್ಲಿಂದ ನೂರಿಪ್ಪತ್ತು ಮೆಟ್ಟಿಲು. ಮಕ್ಕಳು ಮೆಟ್ಟಿಲನ್ನು ಓಡಿ ಹತ್ತಿದರು ಎಂಬುದು ನಿಜ, ಆದರೆ ಗುಹೆಯನ್ನು ಐದು ನಿಮಿಷ ನೋಡಿ, ಕೋತಿಗಳನ್ನು ಒಂದು ಗಂಟೆ ನೋಡಿದರು. ಆ ಕೋತಿಗಳಲ್ಲೊಂದು ನಮ್ಮ ಬಿಸ್ಕತ್ತಿನ ಪೊಟ್ಟಣವನ್ನು ಕಸಿದುಕೊಂಡಿತು. ಮಂಡಿನೋವಿನ ಹಿರಿಯರಿಗೆ ಡೋಲಿ ಸಿಗುತ್ತದೆ.

ಥಾಣೆಯ ಅಮ್ಮ:
ನನ್ನ ವಿರೋಧಕ್ಕೆ ಕಾರಣ ಮೆಟ್ಟಿಲಲ್ಲ, ದೋಣಿ. 2024ರ ಡಿಸೆಂಬರ್ 18ರಂದು ಎಲಿಫೆಂಟಾ ಕಡೆಗೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿ ಹೊಡೆದು, ಮಕ್ಕಳೂ ಸೇರಿದಂತೆ ಹಲವರು ತೀರಿಕೊಂಡರು. ಅದಾದ ಮೇಲೆ ಎಲ್ಲರಿಗೂ ಜೀವರಕ್ಷಕ ಜಾಕೆಟ್ ತೊಡಿಸುತ್ತಾರೆ. ಆದರೆ ದೊಡ್ಡವರ ಜಾಕೆಟ್ಟು ಮೂರು ವರ್ಷದ ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ಹೋಗುವುದೇ ಆದರೆ ಮಗುವಿನ ಅಳತೆಯದು ಇದೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿ, ಇಲ್ಲವೆಂದರೆ ಹತ್ತಬೇಡಿ.

ಮಾಟುಂಗಾ ಮಾಣಿ:
ಜಗಳಕ್ಕೆ ಒಂದು ಪರಿಹಾರ ನನ್ನ ಬಳಿ ಇದೆ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಅಲ್ಲಿದ್ದ ದೊಡ್ಡ ಕಲ್ಲಿನ ಆನೆಯನ್ನು ಕಂಡು. ಆ ಆನೆ ಈಗ ದ್ವೀಪದಲ್ಲಿಲ್ಲ. ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಬಿದ್ದು ಒಡೆಯಿತು, ಆಮೇಲೆ ಚೂರುಗಳನ್ನು ಜೋಡಿಸಿ ನಿಲ್ಲಿಸಿದರು. ಎಲ್ಲಿ ಗೊತ್ತೇ? ಭಾಯಖಳದ ಜೀಜಾಮಾತಾ ಉದ್ಯಾನದಲ್ಲಿ, ಭಾವು ದಾಜಿ ಲಾಡ್ ಸಂಗ್ರಹಾಲಯದ ಹೊರಗೆ, ಅಂದರೆ ನೀವು ಶನಿವಾರ ಹೋಗಲಿರುವ ಮೃಗಾಲಯದ ಪಕ್ಕದಲ್ಲೇ. ದೋಣಿ ಹತ್ತದೆ ಎಲಿಫೆಂಟಾದ ಆನೆಯನ್ನು ಮಕ್ಕಳಿಗೆ ತೋರಿಸಿ. ಸದಾಶಿವನನ್ನು ನೋಡಲು ಯಜಮಾನರು ಬೇಕಾದರೆ ಒಬ್ಬರೇ ಇನ್ನೊಮ್ಮೆ ಬರಲಿ.

ಶಾಸನಪ್ರಿಯ:
ಆನೆಯ ವಿಷಯ ಸರಿಯಿದೆ, ನಾನೇ ಹೇಳಬೇಕಿತ್ತು. ಸೋತೆ.

ಕಡಲತಡಿ:
ಯಜಮಾನರೂ ಓದಿದರು. ಒಪ್ಪಿದರು ಎನ್ನಲಾರೆ, ಸುಮ್ಮನಾದರು. ಮೃಗಾಲಯದ ಬಗ್ಗೆ ಇನ್ನಷ್ಟು ಹೇಳಿ.

ಘಟ್ಟದ ಮೇಲಿನವ:
ಅಲ್ಲಿಯ ಮುಖ್ಯ ಆಕರ್ಷಣೆ ಹಂಬೋಲ್ಟ್ ಪೆಂಗ್ವಿನ್‌ಗಳು. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ತಂದವು. ಈಗ ಇಲ್ಲಿಯೇ ಹುಟ್ಟಿದ ಮರಿಗಳೂ ಇವೆ. ಬಾಗಿಲು ತೆರೆದ ಕೂಡಲೇ ಹೋದರೆ ಗಾಜಿನ ಹತ್ತಿರ ನಿಲ್ಲಲು ಜಾಗ ಸಿಗುತ್ತದೆ, ಹನ್ನೊಂದರ ನಂತರ ಸಾಲು ಹೊರಗಿನವರೆಗೆ ಬರುತ್ತದೆ. ನಾವು ಹೋದಾಗ ತಂದೆ, ತಾಯಿ, ಇಬ್ಬರು ಮಕ್ಕಳಿಗೆ ಒಟ್ಟು 100 ರೂಪಾಯಿ ಇತ್ತು. ಇಷ್ಟು ಕಡಿಮೆ ಹಣಕ್ಕೆ ಇಷ್ಟು ಮರದ ನೆರಳು ಆ ಊರಿನಲ್ಲಿ ಬೇರೆಲ್ಲೂ ಸಿಗಲಾರದು. ಸಿಎಸ್‌ಎಂಟಿಯಿಂದ ಸ್ಲೋ ಗಾಡಿಯಲ್ಲಿ ಮೂರನೆಯ ನಿಲ್ದಾಣವೇ ಭಾಯಖಳ, ಮಕ್ಕಳಿಗೆ ಲೋಕಲ್ ರೈಲಿನ ಮೊದಲ ಅನುಭವಕ್ಕೆ ಅಷ್ಟು ದೂರ ಸಾಕು.

ಮಾಟುಂಗಾ ಮಾಣಿ:
ಬೇರೆ ಯಾವ ದಿನವಾದರೂ ಸರಿ, 6ರಂದು ಬೇಡ. ಆ ದಿನ ಟ್ಯಾಕ್ಸಿ ಹಿಡಿಯಿರಿ. ಅಂದಹಾಗೆ ಊರಿನ ದಕ್ಷಿಣ ಭಾಗದಲ್ಲಿ ಆಟೋ ಓಡುವುದಿಲ್ಲ, ಮಕ್ಕಳನ್ನು ಎತ್ತಿಕೊಂಡು ಆಟೋಕ್ಕಾಗಿ ಕಾಯುತ್ತ ನಿಲ್ಲಬೇಡಿ.

ಬೋರಿವಲಿ ಲೋಕಲ್:
ಲೋಕಲ್ ಹತ್ತುವ ಕ್ರಮವನ್ನು ಯಾರೂ ಹೇಳಲಿಲ್ಲ. ನಡುವಿನ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಮೊದಲು ಒಬ್ಬ ದೊಡ್ಡವರು ಹತ್ತಬೇಕು, ಆಮೇಲೆ ಮಕ್ಕಳು ಮತ್ತು ಅತ್ತೆಯವರು, ಕೊನೆಗೆ ಇನ್ನೊಬ್ಬ ದೊಡ್ಡವರು. ಇಳಿಯುವಾಗಲೂ ಹಾಗೆಯೇ. ನೀವು ಮಹಿಳೆಯರ ಡಬ್ಬಿಗೆ ಹೋದರೆ ಮಗನನ್ನೂ ಕರೆದೊಯ್ಯಬಹುದು, ಹನ್ನೆರಡು ವರ್ಷದೊಳಗಿನ ಹುಡುಗರಿಗೆ ಅವಕಾಶವಿದೆ. ಇಳಿಯುವ ನಿಲ್ದಾಣ ಯಾವ ಬದಿಗೆ ಬರುತ್ತದೆ ಎಂದು ಮೊದಲೇ ಪಕ್ಕದವರನ್ನು ಕೇಳಿ, ಎರಡು ನಿಲ್ದಾಣ ಮೊದಲೇ ಎದ್ದು ನಿಲ್ಲಿ.

ಪುಟ್ಟನ ಅಪ್ಪ:
ಇದಕ್ಕೆ ಒಂದನ್ನು ಸೇರಿಸುತ್ತೇನೆ, ಏಕೆಂದರೆ ನಮಗೆ ಆಗಿದೆ. ಜನದಟ್ಟಣೆಯ ನಿಲ್ದಾಣವೊಂದರಲ್ಲಿ ನಾನು ಪುಟ್ಟನೊಂದಿಗೆ ಇಳಿದೆ, ನನ್ನ ಹೆಂಡತಿ ಇಳಿಯುವಷ್ಟರಲ್ಲಿ ಗಾಡಿ ಹೊರಟಿತು. ಫೋನ್ ನನ್ನ ಬಳಿಯೇ ಎರಡೂ ಇದ್ದವು. ಅವಳು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಬಂದಳು, ನಾನು ಅವಳನ್ನು ಹುಡುಕುತ್ತ ಮುಂದಕ್ಕೆ ಹೋದೆ. ನಲವತ್ತು ನಿಮಿಷ ಇಬ್ಬರೂ ಎದುರು ಬದುರು ಗಾಡಿಗಳಲ್ಲಿ ಓಡಾಡಿದೆವು. ಆದ್ದರಿಂದ ಮನೆಯಿಂದ ಹೊರಡುವಾಗಲೇ ಮಾತಾಡಿಕೊಳ್ಳಿ: ತಪ್ಪಿಸಿಕೊಂಡರೆ ಗಾಡಿಯಲ್ಲಿ ಉಳಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲುವುದು, ಕೆಳಗಿದ್ದವರು ಅಲ್ಲಿಗೆ ಹೋಗುವುದು. ಮಕ್ಕಳ ಅಂಗಿಯ ಜೇಬಿನಲ್ಲಿ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ನಿಮ್ಮ ಮಗಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದಿದ್ದರೆ ಚೀಟಿ ಹಿಂದಿಯಲ್ಲೋ ಮರಾಠಿಯಲ್ಲೋ ಇರಲಿ.

ಕಡಲತಡಿ:
ಚೀಟಿ ಬರೆದಾಯಿತು. ಹಾಗಾದರೆ ಹೊಸ ಪಟ್ಟಿ ಇದು. ಶುಕ್ರವಾರ ವಿಶ್ರಾಂತಿ, ಸಂಜೆ ಡಬಲ್ ಡೆಕ್ಕರ್ ಮತ್ತು ಮರೀನ್ ಡ್ರೈವ್. ಶನಿವಾರ ಬೆಳಿಗ್ಗೆ ಮೃಗಾಲಯ ಮತ್ತು ಕಲ್ಲಾನೆ, ಸಂಜೆ ಡೊಂಬಿವಲಿಗೆ. ಭಾನುವಾರ ಮದುವೆ, ರಾತ್ರಿ ವಾಪಸ್. ಸೋಮವಾರ ಮೆಟ್ರೋದಲ್ಲಿ ಸಿದ್ಧಿವಿನಾಯಕ, ಆಮೇಲೆ ನೆಹರೂ ವಿಜ್ಞಾನ ಕೇಂದ್ರ. ಜುಹು, ಬೋರಿವಲಿ, ಹಾಜಿ ಅಲಿ ಬಿಟ್ಟೆವು. ಮಂಗಳವಾರ ಬೆಳಿಗ್ಗೆ ಏನು ಮಾಡುವುದು?

ಘಟ್ಟದ ಮೇಲಿನವ:
ಸಿದ್ಧಿವಿನಾಯಕವನ್ನು ಮಂಗಳವಾರಕ್ಕೆ ಇಡದೆ ಸೋಮವಾರಕ್ಕೆ ಇಟ್ಟದ್ದು ಜಾಣತನ, ಮಂಗಳವಾರದ ಸಾಲು ಬಹಳ ಉದ್ದ. ವಿಜ್ಞಾನ ಕೇಂದ್ರ ಮತ್ತು ತಾರಾಲಯ ಎರಡೂ ವರ್ಲಿಯಲ್ಲಿ, ಎರಡಕ್ಕೂ ನೆಹರೂ ಹೆಸರು, ಆದರೆ ಕಟ್ಟಡಗಳು ಬೇರೆ ಬೇರೆ. ಟ್ಯಾಕ್ಸಿಯಲ್ಲಿ ಹೋದರೆ ಬಿಡಿಸಿ ಹೇಳಿ. ಮೆಟ್ರೋದಲ್ಲಿ ಹೋದರೆ ಆ ಗೊಂದಲವಿಲ್ಲ. ಮೂರು ವರ್ಷದವನಿಗೆ ಒಳಗಿನ ವಿಜ್ಞಾನಕ್ಕಿಂತ ಹೊರಗಿನ ಉದ್ಯಾನದ ಹಳೆಯ ಉಗಿಬಂಡಿಯೇ ಹೆಚ್ಚು.

ಮಾಟುಂಗಾ ಮಾಣಿ:
ಮಂಗಳವಾರ ನಮ್ಮಲ್ಲಿಗೆ ಬನ್ನಿ. ನಿಮ್ಮ ರೈಲು ಹೊರಡುವುದು ಲೋಕಮಾನ್ಯ ತಿಲಕ ಟರ್ಮಿನಸ್‌ನಿಂದ, ಮಾಟುಂಗಾ ಅದರ ದಾರಿಯಲ್ಲೇ ಇದೆ. ನಿಲ್ದಾಣದ ಹತ್ತಿರವೇ ಮಹಡಿಯ ಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಲ್ಲಿ ಆರಂಭವಾದದ್ದು. ಬಾಳೆಎಲೆಯ ಊಟ, ಅದೂ ನಮ್ಮ ಕಡೆಯ ಸಾರು. ಐದು ದಿನ ಹೊರಗಿನ ಊಟ ಮಾಡಿದ ಮಕ್ಕಳು ಅಲ್ಲಿ ಅನ್ನ, ಮೊಸರು ಕಂಡರೆ ಏಳುವುದಿಲ್ಲ. ಅದಕ್ಕೂ ಸೋಮವಾರ ರಜೆ, ಮಂಗಳವಾರ ತೆರೆದಿರುತ್ತದೆ. ಊರಿನಿಂದ ಹೊಟ್ಟೆಪಾಡಿಗೆ ಬಂದ ಹುಡುಗರು ಇಂಥ ಹೋಟೆಲುಗಳಲ್ಲಿ ಎಲೆ ಎತ್ತುತ್ತ, ರಾತ್ರಿ ಶಾಲೆಯಲ್ಲಿ ಓದಿ ಬೆಳೆದರು. ಅತ್ತೆಯವರಿಗೆ ಅವರ ಊರಿನ ಅರ್ಧ ಕಥೆ ಆ ಬೀದಿಯಲ್ಲಿ ಸಿಗುತ್ತದೆ.

ಬೋರಿವಲಿ ಲೋಕಲ್:
ನಾಲ್ಕು ಪೆಟ್ಟಿಗೆ ಹೊತ್ತುಕೊಂಡು ಮಹಡಿಯ ಮೇಲೆ ಸಾಲಿನಲ್ಲಿ ನಿಲ್ಲಬೇಕೇ? ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸಿನಲ್ಲಿ ತಿಂಡಿ ತಿಂದರೆ ಆಗದೇ?

ಮಾಟುಂಗಾ ಮಾಣಿ:
ಅಲ್ಲಿ ಸಾಲು ಇನ್ನೂ ದೊಡ್ಡದು, ಅದೂ ರಸ್ತೆಯ ಮೇಲೆ. ಪೆಟ್ಟಿಗೆಗಳನ್ನು ನನ್ನ ಪರಿಚಯದವರ ಅಂಗಡಿಯಲ್ಲಿ ಇಡಿಸುವ ಜವಾಬ್ದಾರಿ ನನ್ನದು. ಬೋರಿವಲಿಯವರೂ ಬನ್ನಿ, ಜಗಳವನ್ನು ಎಲೆಯ ಮುಂದೆ ಮುಂದುವರಿಸೋಣ.

ಕಡಲತಡಿ:
ಖಂಡಿತ ಬರುತ್ತೇವೆ. ಕೊನೆಯ ಪ್ರಶ್ನೆ: ಮಗನಿಗಾಗಿ ತಳ್ಳುಗಾಡಿಯನ್ನು ತರಬೇಕೇ? ಮೂರು ವರ್ಷವಾದರೂ ಅರ್ಧ ಗಂಟೆ ನಡೆದರೆ ಎತ್ತಿಕೋ ಎನ್ನುತ್ತಾನೆ.

ಥಾಣೆಯ ಅಮ್ಮ:
ಬೇಡ. ಪಾದಚಾರಿ ಮಾರ್ಗವೆಂಬುದು ಇಲ್ಲಿ ನೂರು ಹೆಜ್ಜೆಗೊಮ್ಮೆ ಮುಗಿದುಹೋಗುತ್ತದೆ, ನಿಲ್ದಾಣದ ಸೇತುವೆಗಳ ಮೆಟ್ಟಿಲಲ್ಲಿ ಮಗುವನ್ನೂ ಗಾಡಿಯನ್ನೂ ನೀವೇ ಹೊರಬೇಕಾಗುತ್ತದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಜೋಳಿಗೆ ತನ್ನಿ.

ಕಡಲತಡಿ:
ನಮ್ಮಲ್ಲಿ ಅದಿಲ್ಲ. ಐದು ದಿನಕ್ಕೆಂದು ಹೊಸದು ಕೊಳ್ಳಲು ಮನಸ್ಸಿಲ್ಲ.

ಥಾಣೆಯ ಅಮ್ಮ:
ನಮ್ಮ ಮಗಳದು ಅಟ್ಟದ ಮೇಲಿದೆ, ಇಪ್ಪತ್ತು ಕಿಲೋವರೆಗೆ ತಡೆಯುತ್ತದೆ. ಮತ್ಸ್ಯಗಂಧ ಥಾಣೆಯಲ್ಲಿ ನಿಲ್ಲುತ್ತದಲ್ಲ, ಪ್ಲಾಟ್‌ಫಾರ್ಮಿಗೆ ತಂದುಕೊಡುತ್ತೇನೆ. ಬೋಗಿಯ ಸಂಖ್ಯೆ ಖಾಸಗಿಯಾಗಿ ಬರೆಯಿರಿ. ಮರಳಿಸುವುದನ್ನು ಆಮೇಲೆ ಯೋಚಿಸೋಣ, ಡೊಂಬಿವಲಿಯವರ ಕೈಯಲ್ಲಿ ಕೊಟ್ಟರೂ ಆಯಿತು.

ಕಡಲತಡಿ:
ಅದು ಬೆಳಗಿನ ಆರರ ಆಸುಪಾಸು. ನಮಗಾಗಿ ನೀವು ಅಷ್ಟು ಬೇಗ ಏಳುವುದು ಬೇಡ.

ಥಾಣೆಯ ಅಮ್ಮ:
ನಾನು ಏಳುವುದೇ ನಾಲ್ಕೂವರೆಗೆ, ಮೂರು ಡಬ್ಬಿ ಕಟ್ಟಬೇಕಲ್ಲ. ನೀವು ಬಾಗಿಲ ಹತ್ತಿರ ನಿಂತಿರಿ, ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.